ಒಂದು ಕ್ಲಿಕ್ಕಿಗೆ ಬಾಡುವ ಹಸಿರು

ಆಷಾಢ ಕಳೆದು ಲಗ್ನಗಳು ಶುರುವಾದವೆಂದರೆ ಇನ್‌ಸ್ಟಾಗ್ರಾಮ್ ತುಂಬ ಒಂದೇ ಬಣ್ಣದ ಜೋಡಿಗಳು. ಶಿರಸಿಯ ಅಡಿಕೆ ತೋಟದಲ್ಲಿ ನಿಂತವರು, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಕೂತವರು, ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಪಕ್ಕ ಕೈ ಕೈ ಹಿಡಿದವರು, ಎಲ್ಲರ ಹಿಂದೆಯೂ ಅದೇ ಕಂದು ಬೆರೆತ ಪಾಚಿ ಬಣ್ಣ. ಅದೇ ತಾಮ್ರದ ಮೈ, ಅದೇ ಮಬ್ಬು ಕಪ್ಪು. ಶ್ರಾವಣದ ಮಳೆ ಕುಡಿದು ಕಣ್ಣಿಗೆ ರಾಚುವಂತಿರುವ ತೋಟ ಫೋಟೊದಲ್ಲಿ ಮಾತ್ರ ತಿಂಗಳುಗಟ್ಟಲೆ ನೀರು ಕಂಡಿಲ್ಲವೇನೋ ಅನ್ನಿಸುತ್ತದೆ. ಕ್ಯಾಮೆರಾ ಹಸಿರನ್ನು ಹಸಿರಾಗಿಯೇ ಹಿಡಿದಿರುತ್ತದೆ. ಆಮೇಲೆ ಯಾರೋ ‘ಮೂಡಿ ಗ್ರೀನ್’ ಅಥವಾ ‘ಡಾರ್ಕ್ ಬ್ರೌನ್’ ಎಂಬ ಹೆಸರಿನ ಪ್ರಿಸೆಟ್ ಒತ್ತಿರುತ್ತಾರೆ.

ಈ ಪ್ರಿಸೆಟ್‌ನಲ್ಲಿ ಮಾಯಮಂತ್ರ ಏನೂ ಇಲ್ಲ. ಅಡೋಬಿ ಕಂಪನಿಯ ಲೈಟ್‌ರೂಮ್ 2007ರಲ್ಲಿ ಬಂತು. ಒಂದು ಫೋಟೊಗೆ ಮಾಡಿದ ತಿದ್ದುಪಡಿಗಳನ್ನೆಲ್ಲ ಒಂದು ಹೆಸರಿಟ್ಟು ಉಳಿಸಿಕೊಂಡು, ಇನ್ನೊಂದಕ್ಕೆ, ಬೇಕೆಂದರೆ ಸಾವಿರಕ್ಕೆ, ಒಂದೇ ಏಟಿಗೆ ಹಾಕುವ ಸವಲತ್ತು ಅದರಲ್ಲಿತ್ತು. ಒಂದೊಂದು ಮದುವೆಯಲ್ಲಿ ಸಾವಿರಗಟ್ಟಲೆ ಫೋಟೊ ಹೊಡೆದು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದರಿಂದ ಆದ ಉಪಕಾರ ದೊಡ್ಡದು. ತಮ್ಮ ತಿದ್ದುಪಡಿಗಳನ್ನೇ ಕಟ್ಟು ಕಟ್ಟಿ ಮಾರುವ ಛಾಯಾಗ್ರಾಹಕರು ಹುಟ್ಟಿಕೊಂಡದ್ದು ಆಮೇಲೆ. ಈಗಂತೂ ಯೂಟ್ಯೂಬ್ ವಿಡಿಯೊದ ಕೆಳಗೆ ಪುಕ್ಕಟೆ ಲಿಂಕ್ ನೇತುಹಾಕಿರುತ್ತಾರೆ.

ಹಾಗೆ ಇಳಿಸಿಕೊಂಡ ಫೈಲನ್ನು ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅದರಲ್ಲಿ ಚಿತ್ರವೇ ಇರುವುದಿಲ್ಲ, ಬರೀ ಅಕ್ಷರ, ಅಂಕಿ. ನಾನು ತೆರೆದ ಒಂದರಲ್ಲಿ ಎಕ್ಸ್‌ಪೋಶರ್ ಮೈನಸ್ 0.40, ಹೈಲೈಟ್ಸ್ ಮೈನಸ್ 60, ಹಸಿರಿನ ಸ್ಯಾಚುರೇಶನ್ ಮೈನಸ್ 70, ಹಳದಿಯ ಹ್ಯೂ ಮೈನಸ್ 40 ಎಂದಿತ್ತು. ಅಷ್ಟೇ, ‘ಮೂಡ್’ ಎನ್ನುವುದು ಇಂಥ ಮೂವತ್ತು ನಲವತ್ತು ಸಾಲು. ಒಂದೊಂದು ಅಂಕಿಯೂ ಯಾರೋ ಒಬ್ಬರು ತಮ್ಮ ಒಂದು ಫೋಟೊ ಎದುರಿಗಿಟ್ಟುಕೊಂಡು ತಿರುಗಿಸಿದ್ದು. ಅವರ ಫೋಟೊದಲ್ಲಿ ಬೆಳಕು ಜಾಸ್ತಿಯಿತ್ತು, ಅದಕ್ಕೇ ಮೈನಸ್ 0.40. ನಮ್ಮದು ಮೊದಲೇ ಮಸುಕಾಗಿದ್ದರೆ ಆ ಅಂಕಿ ಅದನ್ನು ಇನ್ನಷ್ಟು ಕತ್ತಲೆಗೆ ತಳ್ಳುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೊವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನ ಅವಾಂತರ ಇದಕ್ಕಿಂತ ದೊಡ್ಡದು. ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಫೈಲಿನಲ್ಲಿ ಅದು ನೇರ ಕೆಲ್ವಿನ್ ಲೆಕ್ಕ. ನಡುಹಗಲಿನ ಬಿಸಿಲು ಸುಮಾರು 5500, ಹಳೆಯ ಟಂಗ್‌ಸ್ಟನ್ ಬಲ್ಬು ಸುಮಾರು 3000. ಬಿಸಿಲಿಗೆ ಅಂತ ಬರೆದಿಟ್ಟ ಅಂಕಿಯನ್ನು ಬಲ್ಬಿನ ಕೆಳಗೆ ತೆಗೆದ ಆರತಿಯ ಫೋಟೊಗೆ ಹಾಕಿದರೆ ಮದುಮಗಳು ಕಿತ್ತಳೆ ಹಣ್ಣಾಗುತ್ತಾಳೆ.

ಇನ್ನು ಬಣ್ಣಗಳು. ಲೈಟ್‌ರೂಮ್ ಲೋಕದ ಬಣ್ಣವನ್ನೆಲ್ಲ ಎಂಟು ಪಾಲು ಮಾಡಿಕೊಂಡಿದೆ: ಕೆಂಪು, ಕಿತ್ತಳೆ, ಹಳದಿ, ಹಸಿರು, ಹಸಿರುನೀಲಿ, ನೀಲಿ, ನೇರಳೆ, ಮೆಜೆಂಟಾ. ನಾವು ಎಲೆಹಸಿರು ಅನ್ನುವುದರ ಬಹುಪಾಲು ಆ ಲೆಕ್ಕದಲ್ಲಿ ಹಳದಿಗೆ ಸೇರಿದ್ದು. ನಂಬಿಕೆ ಬರದಿದ್ದರೆ ಗದ್ದೆಯ ಫೋಟೊ ಒಂದನ್ನು ತೆರೆದು ಹಸಿರಿನ ಸ್ಯಾಚುರೇಶನ್ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಪೈರಿಗೆ ನೀವಂದುಕೊಂಡಷ್ಟು ಪೆಟ್ಟು ಬೀಳುವುದಿಲ್ಲ. ಅದೇ ಹಳದಿಯನ್ನು ಎಳೆದು ನೋಡಿ, ಇಡೀ ಗದ್ದೆ ಒಣಗಿ ನಿಲ್ಲುತ್ತದೆ. ಮೂಡಿ ಪ್ರಿಸೆಟ್‌ಗಳು ಮೊದಲು ಕೈ ಇಡುವುದೇ ಈ ಹಳದಿಯ ಮೇಲೆ.

ಇದರ ಪೂರ್ತಿ ಪರಿಣಾಮ ನೋಡಬೇಕೆಂದರೆ ಅರಿಸಿನ ಶಾಸ್ತ್ರದ ಫೋಟೊ ನೋಡಬೇಕು. ಅರಿಸಿನ ಹಳದಿ, ಬಾಳೆಯೆಲೆ ಅರೆಪಾಲು ಹಳದಿ, ಚೆಂಡುಹೂವು ಕಿತ್ತಳೆ, ಮೈಬಣ್ಣವೂ ಕಿತ್ತಳೆ. ನಾಲ್ಕೂ ಅಕ್ಕಪಕ್ಕದ ಎರಡು ಸ್ಲೈಡರುಗಳಲ್ಲಿ ಇಕ್ಕಟ್ಟಾಗಿ ಕೂತಿರುತ್ತವೆ. ಹಳದಿಯನ್ನು ಕಿತ್ತಳೆಯ ಕಡೆಗೆ ದೂಡುವ ಪ್ರಿಸೆಟ್ ಹಾಕಿದಿರೋ, ಅರಿಸಿನ ಹಚ್ಚಿದ ಕೆನ್ನೆ ಯಾವುದು, ಹಚ್ಚದ ಕತ್ತು ಯಾವುದು ತಿಳಿಯುವುದಿಲ್ಲ. ಎಲೆ ತುಕ್ಕು ಹಿಡಿಯುತ್ತದೆ. ಶಾಸ್ತ್ರಕ್ಕೆ ಹೆಸರು ಕೊಟ್ಟ ಬಣ್ಣವೇ ಫೋಟೊದಿಂದ ಹೊರಟುಹೋಗಿರುತ್ತದೆ. ಆದರೂ ಕೆಳಗೆ ಇನ್ನೂರು ಹೃದಯ ಬಿದ್ದಿರುತ್ತವೆ, ಆ ಮಾತು ಬೇರೆ.

ಹಸಿರನ್ನು ಬೇಕೆಂದೇ ಕೊಂದ ಒಂದು ಪ್ರಸಿದ್ಧ ಉದಾಹರಣೆ ಸಿನಿಮಾದಲ್ಲಿದೆ. ಕೋಯೆನ್ ಸೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ 2000ದ ಚಿತ್ರ. 1930ರ ದಶಕದ ಆರ್ಥಿಕ ಕುಸಿತದ ಕಾಲದ ಕಥೆ. ಪರದೆಯ ಮೇಲೆ ಧೂಳು, ಬರ ಕಾಣಬೇಕು. ಚಿತ್ರೀಕರಣ ನಡೆದ ಹೊತ್ತಿಗೆ ಮಿಸಿಸಿಪಿ ಮಾತ್ರ ಹಸಿರು ಹೊದ್ದು ನಿಂತಿತ್ತು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇಡೀ ಚಿತ್ರವನ್ನು ಕಂಪ್ಯೂಟರಿಗೆ ಹಾಯಿಸಿ ಆ ಹಸಿರನ್ನೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದರು. ಒಂದು ಚಿತ್ರಕ್ಕೆ ಪೂರ್ತಿಯಾಗಿ ಹೀಗೆ ಡಿಜಿಟಲ್ ಬಣ್ಣ ಕಟ್ಟಿದ ಮೊದಲಿನವುಗಳಲ್ಲಿ ಅದೂ ಒಂದು. ಅಲ್ಲಿ ಹಸಿರು ಸಾಯಲೇಬೇಕಿತ್ತು, ಏಕೆಂದರೆ ಕಥೆಯೇ ಬರದ್ದು.

ನಮ್ಮಲ್ಲಿ ‘ಕೆಜಿಎಫ್’ ಇದೆ. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೆಯದು. ಭುವನ್ ಗೌಡ ಅವರ ಕ್ಯಾಮೆರಾದ ಆ ಮಸಿ ಹಿಡಿದ ಕಂದುಗಪ್ಪು ಬಣ್ಣ ಎಷ್ಟು ಹಿಡಿಸಿತೆಂದರೆ ‘ಕೆಜಿಎಫ್ ಪ್ರಿಸೆಟ್’ ಎಂದು ಹುಡುಕಿದರೆ ಇವತ್ತಿಗೂ ಸಾಲು ಸಾಲು ಸಿಗುತ್ತವೆ. ಅದನ್ನು ಹಾಕಿದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಫೋಟೊಗಳನ್ನೂ ನಾನು ನೋಡಿದ್ದೇನೆ. ಗಾಜಿನಮನೆಯ ಗುಲಾಬಿಗಳೆಲ್ಲ ಗಣಿ ಪಾಲಾಗಿದ್ದವು. ಸಿನಿಮಾದಲ್ಲಿ ಆ ಬಣ್ಣ ಸೆಟ್ಟಿನಿಂದ, ಧೂಳಿನಿಂದ, ಕೊಳೆ ಹಿಡಿದ ಬಟ್ಟೆಯಿಂದ ಶುರುವಾಗಿ ಕೊನೆಗೆ ಕಂಪ್ಯೂಟರಿನಲ್ಲಿ ಮುಗಿದದ್ದು. ಪ್ರಿಸೆಟ್ ಹಾಕಿದವರಿಗೆ ಸಿಗುವುದು ಆ ಕೊನೆಯ ಹೆಜ್ಜೆ ಮಾತ್ರ.

ಹಾಗಂತ ರೆಡಿಮೇಡ್ ಮೂಡ್ ಇನ್‌ಸ್ಟಾಗ್ರಾಮ್ ಕಾಲದ ಚಾಳಿ ಎಂದು ಮೂಗು ಮುರಿಯುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಫಿಲಂ ಕಾಲದಲ್ಲಿ ಮೂಡ್ ಡಬ್ಬಿಯಲ್ಲಿ ಬರುತ್ತಿತ್ತು. 1935ರಿಂದ 2009ರವರೆಗೆ ಕೊಡಾಕ್ ತಯಾರಿಸಿದ ಕೊಡಾಕ್ರೋಮ್‌ನ ಕೆಂಪೇ ಒಂದು ತರಹ. ಫ್ಯೂಜಿಯ ವೆಲ್ವಿಯಾ 1990ರಲ್ಲಿ ಬಂದಾಗ ನಿಸರ್ಗ ಛಾಯಾಗ್ರಾಹಕರು ಮುಗಿಬಿದ್ದದ್ದು ಅದರ ಉಕ್ಕುವ ಹಸಿರಿಗೆ. ಯಾವ ರೀಲು ತುಂಬಿದಿರೋ ಆ ಮೂವತ್ತಾರು ಫೋಟೊಗೂ ಅದೇ ಬಣ್ಣ, ನಡುವೆ ಮನಸ್ಸು ಬದಲಿಸುವಂತಿಲ್ಲ. ಫ್ಯೂಜಿಯ ಈಗಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ವೆಲ್ವಿಯಾ, ಪ್ರೊವಿಯಾ ಹೆಸರುಗಳು ಮೆನುವಿನೊಳಗೆ ಕೂತಿವೆ. ಅವೂ ಪ್ರಿಸೆಟ್‌ಗಳೇ.

ಫಿಲಂ ಕೆಟ್ಟಾಗ ಬರುತ್ತಿದ್ದ ಬಣ್ಣಕ್ಕೂ ಈಗ ಬೆಲೆ ಬಂದಿದೆ ಅನ್ನುವುದು ತಮಾಷೆಯ ಸಂಗತಿ. 2010ರ ಅಕ್ಟೋಬರಿನಲ್ಲಿ ಬಂದ ಇನ್‌ಸ್ಟಾಗ್ರಾಮಿನ ಮೊದಲ ಫಿಲ್ಟರ್ ‘ಎಕ್ಸ್-ಪ್ರೊ ಟು’. ಸ್ಲೈಡ್ ಫಿಲಮನ್ನು ನೆಗೆಟಿವ್‌ನ ರಾಸಾಯನಿಕದಲ್ಲಿ ತೊಳೆದರೆ ಬಣ್ಣಗಳು ದಿಕ್ಕೆಟ್ಟು ಮೇಲೇಳುತ್ತವಲ್ಲ, ಆ ಎಡವಟ್ಟಿನ ನಕಲು ಅದು. ‘1977’ ಎಂಬ ಫಿಲ್ಟರಿನ ನಸುಗೆಂಪು ಮಾಸಲು, ವಿಂಟೇಜ್ ಪ್ರಿಸೆಟ್‌ಗಳ ಬೂದುಗಪ್ಪು, ಇವೂ ಅಂಥವೇ. ನಮ್ಮ ಮನೆಗಳ ಎಪ್ಪತ್ತು ಎಂಬತ್ತರ ದಶಕದ ಆಲ್ಬಂ ತೆಗೆದರೆ ಎಷ್ಟೋ ಫೋಟೊಗಳು ಕೆಂಪಡರಿ ಕೂತಿರುತ್ತವೆ. ಆ ಕಾಲದ ಎಷ್ಟೋ ಪ್ರಿಂಟುಗಳಲ್ಲಿ ಹಸಿರುನೀಲಿ ಬಣ್ಣದ್ರವ್ಯ ಬಲು ಬೇಗ ಸೋಲುತ್ತಿತ್ತು. ಅದು ಕರಗಿದ ಮೇಲೆ ಉಳಿಯುವುದು ಕೆಂಪು ಛಾಯೆ. ಅಜ್ಜಿಯ ಮದುವೆಯ ಫೋಟೊ ಕೆಟ್ಟುಹೋದ ರೀತಿಯನ್ನು ಮೊಮ್ಮಗಳು ಹಣ ಕೊಟ್ಟು ತನ್ನ ಮದುವೆಯ ಫೋಟೊಗೆ ಹಾಕಿಸಿಕೊಳ್ಳುತ್ತಿದ್ದಾಳೆ! ನನಗೆ ಇದರಲ್ಲಿ ತಕರಾರಿಲ್ಲ. ನೆನಪಿಗೂ ಆ ಮಾಸಲಿಗೂ ನಂಟು ಬೆಳೆದುಬಿಟ್ಟಿದೆ, ಅದು ಕೆಲಸ ಮಾಡುತ್ತದೆ. ಹಳೆಯ ಮನೆಯ ಜಗಲಿ, ಕಂಬ, ಮಧ್ಯಾಹ್ನದ ಓರೆಬಿಸಿಲು ಇದ್ದರೆ ಚೆನ್ನಾಗಿಯೇ ಕೂರುತ್ತದೆ.

ತಕರಾರು ಇರುವುದು ಮೈಬಣ್ಣದ ವಿಷಯದಲ್ಲಿ. ಕೊಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲೆಂದು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ‘ಶರ್ಲಿ ಕಾರ್ಡ್’ ಎಂದೇ ಅದಕ್ಕೆ ಹೆಸರು. ಶರ್ಲಿಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಪ್ರಿಸೆಟ್‌ಗಳಲ್ಲೂ ಈ ಶರ್ಲಿ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದ್ದಾಳೆ. ಕಿತ್ತಳೆಯ ಲ್ಯೂಮಿನನ್ಸ್ ಏರಿಸಿ, ಸ್ಯಾಚುರೇಶನ್ ಇಳಿಸಿದ ಪ್ರಿಸೆಟ್ ತಿಳಿ ಚರ್ಮದ ಮೇಲೆ ಹೊಳಪು ತಂದೀತು. ಎಣ್ಣೆಗಪ್ಪು ಮೈಬಣ್ಣದ ಮೇಲೆ ಅದೇ ಅಂಕಿ ಬೂದಿ ಬಳಿದ ಹಾಗೆ ಕಾಣುತ್ತದೆ. ಇದನ್ನು ಪೂರ್ತಿ ಹೊರಗಿನವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿ ಮುಖ ಬೆಳ್ಳಗೆ ಮಾಡುವ ನುರಿತ ಕೈಗಳಿದ್ದವು. ‘ಸ್ವಲ್ಪ ಫೇರ್ ಮಾಡಿ’ ಎಂಬ ಬೇಡಿಕೆ ಗಂಡಿನವರಿಗೆ ತೋರಿಸುವ ಫೋಟೊದಷ್ಟೇ ಹಳೆಯದು.

ಒಂದು ಬೆಳಕಿಗೆ ಕಟ್ಟಿದ ಬಣ್ಣ ಇನ್ನೊಂದು ಬೆಳಕಿನಲ್ಲಿ ಏನಾಗುತ್ತದೆ ಎಂಬುದನ್ನು ಯಕ್ಷಗಾನದವರು ಎಲ್ಲರಿಗಿಂತ ಮೊದಲೇ ಕಂಡಿದ್ದಾರೆ. ಬಣ್ಣದ ವೇಷದ ದಟ್ಟ ಕೆಂಪು, ಕಪ್ಪು, ಅಕ್ಕಿಹಿಟ್ಟಿನ ಚುಟ್ಟಿಯ ಬಿಳಿ, ಇವೆಲ್ಲ ದೀವಟಿಗೆಯ ಅಲುಗಾಡುವ ಹಳದಿ ಬೆಳಕಿಗೆಂದು ರೂಪುಗೊಂಡವು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಈಗ ಬಣ್ಣ ಬದಲಿಸುವ ಎಲ್‌ಇಡಿ. ರಂಗಸ್ಥಳದ ಮೇಲೆ ನೇರಳೆ ಎಲ್‌ಇಡಿ ಸುರಿಯುತ್ತಿರುವಾಗ ತೆಗೆದ ಫೋಟೊದಲ್ಲಿ ಕೆಂಪಿನ ವಿವರ ಅಳಿಸಿಹೋಗಿ ಬರೀ ಒಂದು ಬಣ್ಣದ ಮುದ್ದೆ ಉಳಿದಿರುತ್ತದೆ. ಅದನ್ನು ಯಾವ ಪ್ರಿಸೆಟ್ಟೂ ವಾಪಸ್ ತರಲಾರದು. ಇಂಥಲ್ಲಿ ಕಪ್ಪು ಬಿಳುಪು ಮಾಡುವುದು ಎಷ್ಟೋ ವಾಸಿ. ಚುಟ್ಟಿಯ ಗೆರೆಗಳಾದರೂ ಎದ್ದು ನಿಲ್ಲುತ್ತವೆ. ಚೌಕಿಯಲ್ಲಿ ವೇಷ ಕಟ್ಟುವಾಗಿನ ಫೋಟೊಗಳಲ್ಲಿ ಈ ಸಮಸ್ಯೆ ಕಡಿಮೆ. ಅಲ್ಲಿನ ಒಂದೇ ಬಲ್ಬಿನ ಬೆಳಕಿಗೆ ಬೆಚ್ಚನೆಯ ಪ್ರಿಸೆಟ್ ಒಂದನ್ನು ಹಗುರವಾಗಿ ಹಾಕಿದರೆ ಆಳ ಬರುತ್ತದೆ.

ಮೂಡ್‌ನ ಮುಕ್ಕಾಲು ಪಾಲು ಕ್ಲಿಕ್ ಮಾಡುವ ಮುಂಚೆಯೇ ತೀರ್ಮಾನವಾಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ಎರಡು ದೊಡ್ಡ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನು ಸ್ಟುಡಿಯೊದ ಕತ್ತಲೆಯೊಳಕ್ಕೆ ಕೋಲಿನಂತೆ ಇಳಿಸಿದರು. ಇವತ್ತು ‘ಲೈಟ್ ಬೀಮ್’ ಎಂದು ಮಾರುವ ಪ್ರಿಸೆಟ್‌ಗಳು ಆ ಕೋಲಿನ ದೂರದ ನೆಂಟರು. ಸೊಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕ್ಯಾಮೆರಾ ಹಿಡಿದು ಕಾಡಿಗೆ ಹೋದರೆ ಅವರು ಹುಡುಕುತ್ತಿದ್ದದ್ದು ಎದುರುಬೆಳಕು. ಜಿಂಕೆಯ ಅಂಚಿಗೆ ಬೆಳ್ಳಿಗೆರೆ ಎಳೆಯುವ ಆ ಬೆಳಕು ಸಿಕ್ಕಮೇಲೆ ಡಾರ್ಕ್‌ರೂಮಿನಲ್ಲಿ ಮಾಡುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಪತ್ರಿಕೆಗಳಲ್ಲಿ ಮೂಡ್‌ಗೆ ಲಗಾಮು ಉಂಟು. 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಗೆದ್ದ ಪೌಲ್ ಹಾನ್ಸೆನ್ ಅವರ ಗಾಜಾದ ಅಂತ್ಯಯಾತ್ರೆಯ ಚಿತ್ರದ ಬೆಳಕು ಸಿನಿಮಾದಂತಿದೆ ಎಂದು ಗಲಾಟೆಯೆದ್ದಿತು. ತಜ್ಞರು ಮೂಲ ಫೈಲ್ ತರಿಸಿ ಪರೀಕ್ಷಿಸಿದರು. ಬಣ್ಣ, ಛಾಯೆ ತಿದ್ದಿದ್ದಾರೆ, ಆದರೆ ಚಿತ್ರ ನಕಲಿಯಲ್ಲ ಎಂದರು. ಮುಂದೆ 2015ರ ನವೆಂಬರಿನಲ್ಲಿ ರಾಯಿಟರ್ಸ್ ಹೊರಗಿನ ಛಾಯಾಗ್ರಾಹಕರಿಗೆ ರಾ ಫೈಲಿನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾ ಕೊಟ್ಟ ಜೆಪೆಗ್ಗೇ ಸಾಕು ಎಂದು ತಿಳಿಸಿತು. ಮದುವೆಯ ಆಲ್ಬಮ್ಮಿಗೆ ಇಷ್ಟು ಬಿಗಿ ಬೇಕಿಲ್ಲ, ನಿಜ. ಪ್ರವಾಹದ ಸುದ್ದಿಗೆ ‘ಡ್ರಾಮಾಟಿಕ್ ಸ್ಕೈ’ ಹಾಕಿ ಮೋಡ ಕಪ್ಪಾಗಿಸುವವರಿಗೆ ಖಂಡಿತ ಬೇಕು.

ಪ್ರಿಸೆಟ್ ಬಳಸುವುದೇ ಆದರೆ ನನ್ನ ಕ್ರಮ ಹೀಗೆ. ಮೊದಲು ಫೋಟೊದ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಕೈಯಾರೆ ಸರಿಮಾಡಿಕೊಂಡು ಆಮೇಲಷ್ಟೇ ಪ್ರಿಸೆಟ್ ಒತ್ತುವುದು. ಅದು ಆ ಎರಡನ್ನೂ ಮತ್ತೆ ಕದಡಿದ್ದರೆ ಅವನ್ನಷ್ಟೇ ವಾಪಸ್ ತಿರುಗಿಸುವುದು. 2022ರಿಂದ ಲೈಟ್‌ರೂಮಿನಲ್ಲಿ ಪ್ರಿಸೆಟ್‌ನ ಪ್ರಮಾಣ ಏರಿಳಿಸುವ ಸ್ಲೈಡರ್ ಬಂದಿದೆ. ನೂರರಲ್ಲಿ ಕಿರುಚುವ ಪ್ರಿಸೆಟ್‌ಗಳು ನಲವತ್ತಕ್ಕೆ ಇಳಿಸಿದರೆ ಮರ್ಯಾದೆಯಿಂದ ಮಾತಾಡುತ್ತವೆ. ಆಮೇಲೆ ಹಳದಿ, ಕಿತ್ತಳೆ ಸ್ಲೈಡರುಗಳಿಗೆ ಹೋಗಿ ಎಲೆಯನ್ನೂ ಮುಖವನ್ನೂ ನೋಡುವುದು. ಸ್ವಂತ ಪ್ರಿಸೆಟ್ ಉಳಿಸುವಾಗ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್‌ನ ಟಿಕ್ ತೆಗೆದುಬಿಟ್ಟರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಆಕಾಶ ಯಾವುದು, ಮನುಷ್ಯ ಯಾವುದು ಎಂದು ತಾನೇ ಗುರುತಿಸಿ ಬೇರೆ ಬೇರೆ ತಿದ್ದುವ ಅಡಾಪ್ಟಿವ್ ಪ್ರಿಸೆಟ್‌ಗಳೂ 2022ರಲ್ಲೇ ಬಂದವು. ಬಯಲುಸೀಮೆಯ ಫೋಟೊದಲ್ಲಿ ಸೊಗಸಾಗಿ ಕೆಲಸ ಮಾಡುತ್ತವೆ. ಮಳೆಗಾಲದ ಆಗುಂಬೆಯಲ್ಲಿ ಆಕಾಶ ಎಲ್ಲಿ ಮುಗಿದು ಗುಡ್ಡ ಎಲ್ಲಿ ಶುರುವಾಯಿತು ಎಂಬುದು ಅಲ್ಲಿ ನಿಂತವರಿಗೇ ತಿಳಿದಿರುವುದಿಲ್ಲ, ಇನ್ನು ಕಂಪ್ಯೂಟರ್ ಏನು ಮಾಡೀತು? ಮಂಜನ್ನು ಅರ್ಧಕ್ಕೆ ಕತ್ತರಿಸಿ ಒಂದು ಪಾಲಿಗೆ ನೀಲಿ ಬಳಿದುಬಿಡುತ್ತದೆ.

ನನಗೆ ಗೊತ್ತಿರುವ ಮದುವೆ ಛಾಯಾಗ್ರಾಹಕರೊಬ್ಬರು ಪ್ರಿಸೆಟ್ ಕೊಳ್ಳುವುದನ್ನೇ ಬಿಟ್ಟಿದ್ದಾರೆ. ಅವರ ಲೈಟ್‌ರೂಮಿನಲ್ಲಿ ‘ಮೂಡಿ’, ‘ಡ್ರೀಮಿ’ ಇಂಥ ಹೆಸರಿಲ್ಲ. ಅವರೂರಿನ ಕಲ್ಯಾಣ ಮಂಟಪಗಳ ಹೆಸರುಗಳಿವೆ. ಪ್ರತಿ ಛತ್ರದ ದೀಪ, ಗೋಡೆಯ ಬಣ್ಣ ನೋಡಿಕೊಂಡು ತಾವೇ ಮಾಡಿಟ್ಟ ಪ್ರಿಸೆಟ್‌ಗಳು ಅವು. ಒಂದಕ್ಕೆ ‘ಧಾರೆ ಬೆಳಗ್ಗೆ’, ‘ರಿಸೆಪ್ಶನ್ ರಾತ್ರಿ’ ಎಂದು ಎರಡೆರಡು. ಯಾವುದಾದರೂ ಛತ್ರದವರು ಸುಣ್ಣಬಣ್ಣ ಮಾಡಿಸಿದ ಸುದ್ದಿ ಕಿವಿಗೆ ಬಿದ್ದರೆ ಹಳೆಯದನ್ನು ಅಳಿಸಿ ಹೊಸದು ಮಾಡುತ್ತಾರೆ.