ದೈತ್ಯಕಥಾಚಿತ್ರಗಳ ಪ್ರಥಮ ದೃಶ್ಯ

ಅಕ್ಕಿಆಲೂರಿನ ಕೆರೆಯ ದಂಡೆಯನ್ನು ಕಥಾಸ್ಥಳವಾಗಿರಿಸಿ ದೈತ್ಯಪ್ರಾಣಿಯ ಕಿರುಚಿತ್ರವೊಂದನ್ನು ತಯಾರಿಸಲು ನಮ್ಮ ವಿದ್ಯಾರ್ಥಿಗಳು ಹವಣಿಸಿದಾಗ, ಪ್ರಾಣಿಯನ್ನು ಪ್ರಾರಂಭದಲ್ಲಿಯೇ ತೋರಿಸಬೇಕೆ ಎಂಬ ಪ್ರಶ್ನೆ ಉದ್ಭವಿಸಿತು. ಇದ್ದ ಹಣವೆಲ್ಲ ಅದರ ವೇಷಕ್ಕೇ ವ್ಯಯವಾಗುವಂತಿತ್ತು. ಆದುದರಿಂದ ಪೂರ್ವಕೃತಿಗಳನ್ನು ಪರಿಶೀಲಿಸಿದೆವು.

1954ರ ಜಪಾನೀ ಚಿತ್ರ ‘ಗಾಡ್ಜಿಲ್ಲಾ’ದ ಪ್ರಥಮ ದೃಶ್ಯದಲ್ಲಿ ದೈತ್ಯನಿಲ್ಲ, ಸಮುದ್ರದಲ್ಲಿ ಕಣ್ಣು ಕೋರೈಸುವ ಬೆಳಕು, ಬಳಿಕ ಹೊತ್ತಿ ಮುಳುಗುವ ಹಡಗು, ಇಷ್ಟೆ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಮೆರಿಕವು ಬಿಕಿನಿ ದ್ವೀಪದಲ್ಲಿ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯಿಂದ ಜಪಾನೀ ಮೀನುಗಾರರು ವಿಕಿರಣಕ್ಕೆ ಈಡಾಗಿದ್ದರು. ಆ ಬೆಳಕಿನ ಅರ್ಥವನ್ನು ಅಲ್ಲಿಯ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ. 1975ರ ‘ಜಾಸ್’ ಚಿತ್ರದಲ್ಲಿ ರಾತ್ರಿ ಈಜುವ ಯುವತಿಯನ್ನು ಕಾಣದ ಶಾರ್ಕ್ ಸೆಳೆದೊಯ್ಯುತ್ತದೆ. ಮುಂದೆಯೂ ಬಹುಹೊತ್ತು ಅದು ಮರೆಯಲ್ಲಿ ಉಳಿದುದಕ್ಕೆ, ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟುದೂ ಒಂದು ಕಾರಣ!

ಈ ಉಪಾಯ ಕನ್ನಡಿಗರಿಗೆ ಹೊಸದಲ್ಲ. ಘಟ್ಟದ ಕೆಳಗಿನ ಯಕ್ಷಗಾನದಲ್ಲಿ ಬಣ್ಣದ ವೇಷವು ಮೊದಲು ತೆರೆಯ ಹಿಂದಿನಿಂದ ಆರ್ಭಟಿಸುತ್ತದೆ. ಪೂರ್ಣರೂಪ ಕಾಣುವುದು ಅನಂತರ.

ಆದರೆ ಮರೆಯೊಂದೇ ಸಾಲದು. ಭಯವು ಪ್ರೇಕ್ಷಕರ ಬಾಳಿಗೆ ನಿಕಟವಾಗಿರಬೇಕು. ಸಂಜೆ ಕೆರೆಯಿಂದ ಮರಳುವ ದನಗಳಲ್ಲಿ ಒಂದು ಕಡಿಮೆ, ಕೆಸರಿನಲ್ಲಿ ಅದರ ಕೊರಳಗಂಟೆ: ಇಷ್ಟರಿಂದಲೇ ಆರಂಭಿಸಬೇಕೆಂದು ಸೂಚಿಸಿದೆವು. ವೇಷದ ಹಣದಲ್ಲಿ ಬಹುಭಾಗವನ್ನು ಈಗ ಧ್ವನಿಮುದ್ರಣಕ್ಕೆ ತೆಗೆದಿರಿಸಿದ್ದೇವೆ.