ಕಾಣದ ಗ್ರಹಕ್ಕೆ ನಕ್ಷತ್ರವೇ ಸಾಕ್ಷಿ

ಸೂರ್ಯನಿಗಿರುವಂತೆ ಬೇರೊಂದು ನಕ್ಷತ್ರಕ್ಕೂ ಗ್ರಹವಿರುವ ಸಂಭವ ಬಹಳವಾಗಿದೆ ಎಂದು 1855ರಲ್ಲಿ ಬರೆದವರು ಮದ್ರಾಸ್ ವೇಧಶಾಲೆಯ ಮುಖ್ಯಸ್ಥ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್. ಉರಗಧರ ನಕ್ಷತ್ರಪುಂಜದ 70 ಒಫಿಯೂಕಿ ಒಂದು ಜೋಡಿ ನಕ್ಷತ್ರ. ಒಂದನ್ನೊಂದು ಸುತ್ತುವ ಆ ಜೋಡಿಯ ಹಾದಿ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕಣ್ಣಿಗೆ ಬೀಳದ ಮೂರನೆಯ ಕಾಯವೊಂದು ಅವುಗಳನ್ನು ಎಳೆಯುತ್ತಿರಬೇಕು ಎಂದು ಜೇಕಬ್ ತರ್ಕಿಸಿದರು. ಮುಂದೆ ಅಮೆರಿಕದ ಥಾಮಸ್ ಸೀ ಅದೇ ವಾದವನ್ನು ಮತ್ತೆ ಎತ್ತಿದಾಗ, ಅಂಥ ಕಾಯ ಅಲ್ಲಿ ಸ್ಥಿರವಾಗಿ ಉಳಿಯಲಾರದೆಂದು 1899ರಲ್ಲಿ ಫಾರೆಸ್ಟ್ ಮೌಲ್ಟನ್ ಗಣಿತದಿಂದ ತೋರಿಸಿದರು. ಜೇಕಬ್ ಅಷ್ಟು ಹೊತ್ತಿಗೆ ಇರಲಿಲ್ಲ. ಪುಣೆಯ ಹತ್ತಿರ ಬೆಟ್ಟದ ಮೇಲೆ ವೇಧಶಾಲೆ ಕಟ್ಟಲೆಂದು 1862ರ ಆಗಸ್ಟ್‌ನಲ್ಲಿ ಮುಂಬಯಿಗೆ ಬಂದಿಳಿದವರು, ಪುಣೆ ತಲುಪಿ ಅದೇ ತಿಂಗಳು ತೀರಿಕೊಂಡಿದ್ದರು. ಅವರ ಅಳತೆ ಸುಳ್ಳಾಯಿತು, ತರ್ಕ ಮಾತ್ರ ಉಳಿದುಕೊಂಡಿತು. ಮದ್ರಾಸಿನ ಆ ವೇಧಶಾಲೆಯೇ ಕೊಡೈಕೆನಾಲ್‌ಗೆ ಹೋಗಿ, ಇಂದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಗಿ ಬೆಳೆದಿದೆ.

ಬಾಹ್ಯಗ್ರಹಗಳನ್ನು, ಅಂದರೆ ಬೇರೆ ನಕ್ಷತ್ರಗಳ ಗ್ರಹಗಳನ್ನು, ನೇರವಾಗಿ ನೋಡುವುದು ಬಹುಮಟ್ಟಿಗೆ ಆಗದ ಮಾತು. ನಮ್ಮ ಸೂರ್ಯ ಗುರುಗ್ರಹಕ್ಕಿಂತ ಸುಮಾರು ನೂರು ಕೋಟಿ ಪಟ್ಟು ಪ್ರಕಾಶಮಾನ. ದೂರದಿಂದ ನೋಡುವವರಿಗೆ ಎರಡೂ ಒಂದೇ ಚುಕ್ಕೆ. ಹಾಗಾಗಿ ವಿಜ್ಞಾನಿಗಳು ಗ್ರಹವನ್ನು ಬಿಟ್ಟು ನಕ್ಷತ್ರದ ನಡವಳಿಕೆಯನ್ನು ಗಮನಿಸುತ್ತಾರೆ.

ನಕ್ಷತ್ರ ಗ್ರಹವನ್ನು ಎಳೆಯುವಂತೆ ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ನಕ್ಷತ್ರ ಒಮ್ಮೆ ನಮ್ಮತ್ತ, ಒಮ್ಮೆ ಅತ್ತ ಓಲಾಡುತ್ತದೆ. ಅದರ ಬೆಳಕಿನ ರೋಹಿತದಲ್ಲಿರುವ ಕಪ್ಪು ಗೆರೆಗಳು ಅದಕ್ಕೆ ತಕ್ಕಂತೆ ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿಯುತ್ತವೆ. ಗುರುಗ್ರಹದಿಂದ ಸೂರ್ಯನಿಗೆ ಬರುವ ಓಲಾಟ ಸೆಕೆಂಡಿಗೆ ಸುಮಾರು 12 ಮೀಟರ್. ಭೂಮಿಯಿಂದ ಬರುವುದು ಬರೀ 9 ಸೆಂಟಿಮೀಟರ್. ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಕಂಡದ್ದು ಈ ವಿಧಾನದಿಂದ. ಅದಕ್ಕೆ 2019ರ ನೊಬೆಲ್ ಬಂತು.

ಅದೇ 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ದೇಶಕ್ಕೊಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲು ಕೊಟ್ಟಿತು. ಭಾರತದ ಪಾಲಿಗೆ ಬಂದ ಎಚ್‌ಡಿ 86081 ನಕ್ಷತ್ರ 'ಬಿಭಾ' ಆಯಿತು, ಗ್ರಹ 'ಸಂತಮಸ' ಆಯಿತು. ಬಿಭಾ ಚೌಧುರಿ (1913–1991) ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲೂ ಕೈಜೋಡಿಸಿದವರು. ಅವರ ಹೆಸರಿನ ನಕ್ಷತ್ರ ಸುಮಾರು 340 ಜ್ಯೋತಿರ್ವರ್ಷ ದೂರದಲ್ಲಿದೆ, ಬರಿಗಣ್ಣಿಗೆ ಕಾಣದು. ಗುರುವಿನ ಕನಿಷ್ಠ ಒಂದೂವರೆ ಪಟ್ಟು ತೂಗುವ ಸಂತಮಸ ಅದನ್ನು ಎರಡು ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಹಾಕಿ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಓಲಾಡಿಸುತ್ತದೆ. ನಕ್ಷತ್ರಕ್ಕೆ ಇಷ್ಟು ಹತ್ತಿರದ ಆ ಕುಲುಮೆಯಲ್ಲಿ ಜೀವದ ಮಾತೇ ಇಲ್ಲ.

ಎರಡನೆಯ ವಿಧಾನ ಸಂಕ್ರಮಣ. 2012ರ ಜೂನ್ 6ರಂದು ಶುಕ್ರ ಸೂರ್ಯನ ಮುಂದೆ ಕಪ್ಪು ಚುಕ್ಕೆಯಾಗಿ ಹಾದುಹೋದಂತೆ, ದೂರದ ಗ್ರಹವೂ ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ತುಸು ತಗ್ಗುತ್ತದೆ. ಗುರುವಿನಷ್ಟು ದೊಡ್ಡದಾದರೆ ನೂರರಲ್ಲಿ ಒಂದು ಪಾಲು, ಭೂಮಿಯಷ್ಟಿದ್ದರೆ ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಮುಂಬಯಿ ಬಳಿಯ ಡೊಂಬಿವಲಿ ಕೈಗಾರಿಕಾ ಪ್ರದೇಶದ ದೀಪ, ಹೊಗೆ ಕವಿದ ಆಕಾಶದಲ್ಲಿ ಇಂಥ ಅಳತೆ ಕಷ್ಟ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ದೊಡ್ಡ ಗ್ರಹಗಳ ಮಟ್ಟಿಗೆ ಅದು ಸಾಧ್ಯ. ಆ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವವರು ಕೂತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಡಬ್ಲ್ಯುಎಎಸ್‌ಪಿ-43ಬಿ ಮುಂತಾದ ಬಿಸಿ ದೈತ್ಯಗ್ರಹಗಳ ಸಂಕ್ರಮಣವನ್ನು ಇದರಿಂದಲೂ ತಮಿಳುನಾಡಿನ ಕಾವಲೂರಿನ ದೂರದರ್ಶಕದಿಂದಲೂ ಅಳೆಯಲಾಗಿದೆ.

ಓಲಾಟದಿಂದ ತೂಕ ಸಿಗುತ್ತದೆ, ಸಂಕ್ರಮಣದಿಂದ ಗಾತ್ರ. ಎರಡೂ ಸಿಕ್ಕರೆ ಮಾತ್ರ ಸಾಂದ್ರತೆ ತಿಳಿದು, ಗ್ರಹ ಬಂಡೆಯೋ ಅನಿಲದ ಉಂಡೆಯೋ ಎಂದು ಹೇಳಬಹುದು. ಒಂದೇ ಅಳತೆಯ ಬಲದ ಮೇಲೆ 'ಇನ್ನೊಂದು ಭೂಮಿ ಪತ್ತೆ' ಎಂದು ಬರುವ ತಲೆಬರಹಗಳನ್ನು ಅಷ್ಟಾಗಿ ನಂಬಬೇಕಿಲ್ಲ.

ಮುಂಬಯಿ ಬಳಿಯ ಕಲ್ಯಾಣದಿಂದ ಮುರಬಾಡ, ಮಾಳಶೇಜ ಘಾಟ್ ದಾಟಿ ಹೋದರೆ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ ಡಿಶ್‌ಗಳ ಸಾಲು ಕಾಣುತ್ತದೆ. ಒಟ್ಟು 30 ಡಿಶ್‌ಗಳಿರುವ ಈ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಮೂರನೆಯ ದಾರಿ ಹಿಡಿದಿದೆ. ಕಾಂತಕ್ಷೇತ್ರವಿರುವ ಗ್ರಹ ಗುರುವಿನಂತೆ ರೇಡಿಯೋ ಅಲೆಗಳನ್ನು ಸೂಸಬಹುದು. 2009ರಲ್ಲಿ ಎಚ್‌ಎಟಿ-ಪಿ-11ಬಿ ಎಂಬ ಗ್ರಹದ ದಿಕ್ಕಿನಿಂದ 150 ಮೆಗಾಹರ್ಟ್ಸ್‌ನಲ್ಲಿ ಮಂದವಾದ ಸಂಕೇತ ಬಂದು, ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ನಿಂತಂತೆ ಕಂಡಿತು. 2010ರಲ್ಲಿ ಮತ್ತೆ ಕಿವಿಗೊಟ್ಟಾಗ ಏನೂ ಕೇಳಲಿಲ್ಲ. ಫ್ರಾನ್ಸ್ ಮತ್ತು ಭಾರತದ ಸಂಶೋಧಕರು ಅದನ್ನು ಕೇವಲ 'ಸುಳಿವು' ಎಂದು ಪ್ರಕಟಿಸಿದರು.

ದೃಢಪಟ್ಟ ಬಾಹ್ಯಗ್ರಹಗಳ ಸಂಖ್ಯೆ 2025ರಲ್ಲಿ 6,000 ದಾಟಿತು. ಅವುಗಳಲ್ಲಿ ಜೀವ ಎಲ್ಲಿರಬಹುದು ಎಂಬುದಕ್ಕೆ ಮೊದಲ ಜರಡಿ ವಾಸಯೋಗ್ಯ ವಲಯ: ನೀರು ನೀರಾಗಿಯೇ ಇರಬಲ್ಲಷ್ಟು ಬಿಸಿ ಸಿಗುವ ದೂರ. ಆದರೆ ಇದು ಒರಟು ಜರಡಿ. ನಮ್ಮ ಚಂದ್ರನೂ ಅದೇ ವಲಯದಲ್ಲಿದ್ದಾನೆ, ಗಾಳಿಯಿಲ್ಲದೆ ಒಣಗಿದ್ದಾನೆ. ಹಾಗಾಗಿ ಮುಂದಿನ ಪ್ರಶ್ನೆ ವಾತಾವರಣದ್ದು. ಸಂಕ್ರಮಣದ ವೇಳೆ ನಕ್ಷತ್ರದ ಬೆಳಕು ಗ್ರಹದ ಗಾಳಿಯಂಚಿನಲ್ಲಿ ಸೋಸಿ ಬರುತ್ತದೆ. ಯಾವ ಬಣ್ಣ ಕಡಿಮೆಯಾಯಿತೋ ಅದರಿಂದ ಯಾವ ಅನಿಲವಿದೆ ಎಂದು ಗುರುತಿಸಬಹುದು. ಆಕ್ಸಿಜನ್ ಮತ್ತು ಮೀಥೇನ್ ಒಟ್ಟಿಗೆ ಬಹುಕಾಲ ಉಳಿಯಲಾರವು. ಎರಡೂ ಜೊತೆಗೆ ಕಂಡರೆ ಯಾವುದೋ ಅವನ್ನು ಸತತ ಹುಟ್ಟಿಸುತ್ತಿದೆ ಎಂದರ್ಥ.

ಜೀವವಿರುವುದು ಖಚಿತವಾಗಿ ಗೊತ್ತಿರುವ ಗ್ರಹ ಒಂದೇ. ಅದನ್ನೇ ದೂರದಿಂದ ನೋಡಿದರೆ ಹೇಗೆ ಕಂಡೀತು ಎಂದು ಅಳೆಯಲು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ 'ಶೇಪ್' ಎಂಬ ಉಪಕರಣ ತಯಾರಿಸಿತು. ಅದು 2023ರ ಜುಲೈ 14ರಂದು ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ಹೊರಟು, ಚಂದ್ರನ ಸುತ್ತಲಿನ ಕಕ್ಷೆಯಿಂದ ಭೂಮಿಯ ಅವಕೆಂಪು ಬೆಳಕಿನ ರೋಹಿತವನ್ನೂ ಧ್ರುವೀಕರಣವನ್ನೂ ಅಳೆಯಿತು.

ಜೀವದ ಬಗೆಗಿನ ಈಚಿನ ದೊಡ್ಡ ವಾದ ಹುಟ್ಟಿರುವುದು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಬಗ್ಗೆ. ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ತಂಡ 2023ರಲ್ಲಿ ಅಲ್ಲಿ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಕಂಡಿತು. 2025ರ ಏಪ್ರಿಲ್‌ನಲ್ಲಿ ಡೈಮೀಥೈಲ್ ಸಲ್ಫೈಡ್‌ನ ಅಥವಾ ಅದರ ಸಮೀಪದ ಅನಿಲದ ಗುರುತಿದೆ ಎಂದಿತು. ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಹೊರಬಿಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಆಕಸ್ಮಿಕವಾಗಿ ಹಾಗೆ ಕಾಣುವ ಸಂಭವ ಶೇ 0.3; ಹೊಸ ಶೋಧವೆಂದು ಒಪ್ಪಲು ಇದಕ್ಕಿಂತ ಎಷ್ಟೋ ಬಿಗಿಯಾದ ಪುರಾವೆ ಬೇಕು. ಅದೇ ದತ್ತಾಂಶವನ್ನು ಮರಳಿ ಪರಿಶೀಲಿಸಿದ ಬೇರೆ ತಂಡಗಳಿಗೆ ಆ ಅನಿಲದ ಅಗತ್ಯವೇ ಕಾಣಲಿಲ್ಲ. ಅಲ್ಲದೆ ಜೀವವಿಲ್ಲದ 67ಪಿ ಧೂಮಕೇತುವಿನಲ್ಲೂ ಅದೇ ಅನಿಲ ಸಿಕ್ಕಿದೆ.