ಮನೆಯ ಸುವಾಸನೆಗೆ ಬಾಳದ ಬೇರು

ಕಳೆದ ಮಳೆಗಾಲದಲ್ಲಿ ಮೇಲಧಿಕಾರಿಗಳು ಶಾಲೆಗೆ ಬರುವರೆಂದು ತಿಳಿದಾಗ ನಾವೊಂದು ತಪ್ಪು ಮಾಡಿದೆವು. ಮಾಳಿಗೆ ಸೋರಿ ತರಗತಿಯ ಕೋಣೆ ಮುಗ್ಗಲು ನಾತ ಹೊಡೆಯುತ್ತಿತ್ತು. ಕಿಟಕಿ ತೆರೆಸುವ ಬದಲು ಪೇಟೆಯಿಂದ ಸೆಂಟಿನ ಡಬ್ಬಿ ತರಿಸಿ ಸಿಂಪಡಿಸಿದೆವು. ಸ್ವಲ್ಪ ಹೊತ್ತಿನಲ್ಲಿಯೇ ಉಬ್ಬಸವಿದ್ದ ಬಾಲಕಿಯೊಬ್ಬಳಿಗೆ ಉಸಿರು ಕಟ್ಟತೊಡಗಿತು. ಹೊರಗೆ ಬೇವಿನ ನೆರಳಿಗೆ ಕರೆತಂದು ಅವಳ ಔಷಧಿಯನ್ನು ಕೊಡಿಸಿದ ಮೇಲೆ ಚೇತರಿಸಿಕೊಂಡಳು. ಅಂದಿನಿಂದ ಸುವಾಸನೆಯ ವಿಷಯವನ್ನು ನಾವು ಹಗುರವಾಗಿ ಎಣಿಸಿಲ್ಲ.

ಇಂತಹ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಹೂವಿನ ಸತ್ವವಲ್ಲ. ಕೃತಕ ಪರಿಮಳದ್ರವ್ಯ, ಮದ್ಯಸಾರ, ಅವನ್ನು ಹೊರದೂಡಲು ಪ್ರೊಪೇನ್, ಬ್ಯೂಟೇನ್‌ಗಳಂತಹ ಉರಿಯುವ ಅನಿಲ. ಅದು ನಾತವನ್ನು ಕಳೆಯುವುದಿಲ್ಲ, ಮುಚ್ಚುತ್ತದೆ, ಅಷ್ಟೆ.

ಹಿರಿಯರ ಮನೆಗಳಲ್ಲಿ ಬೇಸಿಗೆಯ ಸುವಾಸನೆ ಬಾಳದ ಬೇರಿನಿಂದ ಬರುತ್ತಿತ್ತು. ಪುಸ್ತಕದ ಕನ್ನಡದಲ್ಲಿ ಅದು ಲಾವಂಚ; ತೆಲುಗಿನಲ್ಲಿ ವಟ್ಟಿವೇರು; ಉರ್ದುವಿನಲ್ಲಿ ಖಸ್. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಸಂತೆಯಲ್ಲಿ ಯಾವ ಹೆಸರಿನಿಂದ ಕೇಳಿದರೂ ಕೈಗೆ ಬರುವುದು ಅದೇ ಬೇರು! ಬಾಗಿಲಿಗೆ ಅದರ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ, ನೀರು ಆರುತ್ತ ಗಾಳಿಯನ್ನು ತಂಪುಗೊಳಿಸಿ ಬೇರಿನೊಳಗಿನ ತೈಲದ ಕಂಪನ್ನೂ ಹೊತ್ತು ತರುತ್ತದೆ. ಆ ತೈಲ ಬೇಗ ಹಾರಿಹೋಗದು. ಒಣಗಿದ ಬೇರಿನ ಸಣ್ಣ ಕಟ್ಟನ್ನು ಸೀರೆಯ ಪೆಟ್ಟಿಗೆಯಲ್ಲಿಯೂ ಇಡಬಹುದು. ಆದರೆ ತಟ್ಟಿಯನ್ನು ಆಗಾಗ ಬಿಸಿಲಿಗೆ ಒಣಗಿಸದಿದ್ದರೆ ಅದಕ್ಕೂ ಬೂಷ್ಟು ಹಿಡಿಯುವುದು.

ಲೋಬಾನ, ಧೂಪ, ಊದುಬತ್ತಿಗಳೂ ನಮ್ಮವೇ ಅಲ್ಲವೆ ಎಂದು ಕೇಳುವವರುಂಟು. ಹೌದು, ಆದರೆ ಯಾವುದರ ಹೊಗೆಯಾದರೂ ಹೊಗೆಯೇ. ಉಬ್ಬಸದವರು, ಹಸುಗೂಸುಗಳು ಇರುವ ಮನೆಯಲ್ಲಿ ಅವನ್ನು ಹೊತ್ತಿಸದಿರುವುದೇ ಲೇಸು. ಬೇರಿನ ಕಂಪೂ ಕೆಲವರಿಗೆ ಒಗ್ಗದಿರಬಹುದು. ಅಂಥವರಿಗೆ ಶುದ್ಧ ಗಾಳಿಯೇ ಸಾಕು.

ಇನ್ನೊಂದು ಎಚ್ಚರಿಕೆ. ಆಳಕ್ಕಿಳಿಯುವ ಈ ಬೇರು ಹೊಲದ ಬದುವಿನ ಮಣ್ಣನ್ನು ಹಿಡಿದಿಡುತ್ತದೆ. ಸುವಾಸನೆಯ ಆಸೆಗೆ ಅದನ್ನು ಅಗೆದರೆ ಮುಂದಿನ ಮಳೆಗೆ ಬದುವೇ ಕೊಚ್ಚಿಹೋದೀತು. ಆದುದರಿಂದ ಬದುವಿನದನ್ನು ಬದುವಿಗೇ ಬಿಡಬೇಕು. ಮನೆಬಳಕೆಗೆ ಹಳೆಯ ಗೊಬ್ಬರದ ಚೀಲದಲ್ಲಿ ಮರಳು, ಮಣ್ಣು, ತಿಪ್ಪೆಗೊಬ್ಬರ ತುಂಬಿ ಒಂದೆರಡು ಸಸಿ ನೆಡಬೇಕು. ಸುಮಾರು ಒಂದೂವರೆ ವರುಷದ ಮೇಲೆ ಚೀಲ ಸೀಳಿದರೆ ಬೇರು ದೊರೆಯುತ್ತದೆ. ಬುಡದ ಕವಲುಗಳನ್ನು ಬಿಡಿಸಿ ಮತ್ತೆ ನೆಟ್ಟರೆ ಸಂತತಿ ನಿಲ್ಲದು.

ನಮ್ಮ ಶಾಲೆಯ ಮಾಳಿಗೆ ಈಗ ಸೋರುವುದಿಲ್ಲ. ಅಂಗಳದಲ್ಲಿ ನಾಲ್ಕು ಚೀಲಗಳಿವೆ. ಮಕ್ಕಳು ಸರದಿಯ ಮೇಲೆ ನೀರೆರೆಯುತ್ತಾರೆ. ಓದುಗ ಬಂಧುಗಳಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ನಮ್ಮ ವಿನಂತಿಯಿಷ್ಟೆ: ನಾತದ ಮೂಲವನ್ನು ಮೊದಲು ಕಳೆಯಿರಿ, ಅನಂತರ ಕಿಟಕಿ ತೆರೆಯಿರಿ. ಸುವಾಸನೆ ಆಮೇಲಿನ ಮಾತು.